ಹಳೆಯ ಅಡುಗೆಮನೆಗೆ ಹೊಸ ಕಟ್ಟೆ

ಮೈಸೂರು, ಶಿವಮೊಗ್ಗ, ದಾವಣಗೆರೆಯಂಥ ಊರುಗಳ ಹಳೆಯ ಬಡಾವಣೆಗಳಲ್ಲಿ ಮೂವತ್ತು ನಲವತ್ತು ವರ್ಷದ ಹಿಂದೆ ಕಟ್ಟಿದ ಮನೆಗಳ ಅಡುಗೆಮನೆ ಹೆಚ್ಚುಕಡಿಮೆ ಒಂದೇ ತೆರ. 10 ಅಡಿ ಉದ್ದ, 8 ಅಡಿ ಅಗಲ. ಗೋಡೆಗೆ ಆತುಕೊಂಡು ಕಡಪ ಕಲ್ಲಿನ ಕಟ್ಟೆ, ಮೂಲೆಯಲ್ಲೊಂದು ಪುಟ್ಟ ಸಿಂಕು, ಮೇಲೆ ಸಿಮೆಂಟಿನ ಸಜ್ಜ, ಕೆಳಗೆ ರೆಡ್ ಆಕ್ಸೈಡ್ ನೆಲ, ಮಿಕ್ಸಿಗೆಂದು ಒಂದೇ ಒಂದು ಪ್ಲಗ್ ಪಾಯಿಂಟ್. ಇಂಥ ಅಡುಗೆಮನೆಯನ್ನು ಸಾಲ ಮಾಡದೆ ಹೊಸದಾಗಿಸುವ ಬಗೆಯನ್ನು ಈ ಅಧ್ಯಾಯದಲ್ಲಿ ನೋಡೋಣ. ಕೈಯಲ್ಲಿ ಎರಡು ಲಕ್ಷ ರೂಪಾಯಿ ಇದೆ ಎಂದಿಟ್ಟುಕೊಳ್ಳಿ.

ಹೆಚ್ಚಿನವರು ಕಪಾಟಿನ ಬಾಗಿಲ ಬಣ್ಣದಿಂದ ಶುರುಮಾಡುತ್ತಾರೆ. ಮಾಡ್ಯುಲರ್ ಕಿಚನ್ ಅಂಗಡಿಯಲ್ಲಿ ಮುಂಗಡ ಕೊಟ್ಟು ಬಂದ ಮೇಲೆ ಮೇಸ್ತ್ರಿಯನ್ನು ಹುಡುಕುತ್ತಾರೆ. ಅಷ್ಟರಲ್ಲಿ ಮುಕ್ಕಾಲು ಪಾಲು ಹಣ ಹೋಗಿರುತ್ತದೆ. ಗೋಡೆಯೊಳಗೆ ತುಕ್ಕು ಹಿಡಿದ ಜಿಐ ಪೈಪು ಹಾಗೆಯೇ ಉಳಿಯುತ್ತದೆ. ಖರ್ಚಿನ ಸರದಿ ಬೇರೆಯೇ ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗೋಡೆ ಮುಚ್ಚಿದ ಮೇಲೆ ಕೈಗೆ ಸಿಗದ ನೀರಿನ ಪೈಪು, ಚರಂಡಿ, ವೈರಿಂಗಿಗೆ ಮೊದಲ ಹಣ. ಅಡುಗೆ ಮಾಡುವವರು ದಿನವಿಡೀ ನಿಲ್ಲುವ ಕಟ್ಟೆಗೆ ಎರಡನೆಯದು. ಬಾಗಿಲು, ಹಿಡಿ, ಚಿಮಣಿ ಮುಂದಿನ ವರ್ಷ ಬಂದರೂ ಅಡುಗೆ ನಿಲ್ಲುವುದಿಲ್ಲ. ಈ ಎರಡು ಲಕ್ಷದಲ್ಲಿ 20 ಸಾವಿರವನ್ನು ಮೊದಲೇ ಪಕ್ಕಕ್ಕೆ ಎತ್ತಿಡಿ. ಹಳೆಯ ಗೋಡೆ ಒಡೆದಾಗ ಒಳಗೆ ಏನು ಸಿಗುತ್ತದೆಂದು ಎಂಥ ಪಳಗಿದ ಮೇಸ್ತ್ರಿಯೂ ಮುಂಚಿತವಾಗಿ ಹೇಳಲಾರರು.

ಸಿಂಕಿನ ಜಾಗ ಬದಲಿಸದಿರುವುದೇ ದೊಡ್ಡ ಉಳಿತಾಯ. ಸಿಂಕು ಎದುರು ಗೋಡೆಗೆ ಹೋಯಿತೆಂದರೆ ನೀರಿನ ಪೈಪಿನ ಜೊತೆಗೆ ಕೊಳೆನೀರಿನ ಪೈಪೂ ಹೋಗಬೇಕು, ಅದಕ್ಕೆ ಇಳಿಜಾರೂ ಬೇಕು. 40ಕ್ಕೆ 1ರಂತೆ ಲೆಕ್ಕ ಹಾಕಿದರೆ 10 ಅಡಿ ದೂರಕ್ಕೆ 3 ಇಂಚು ಇಳಿಯಬೇಕು. ಅಷ್ಟಕ್ಕಾಗಿ ನೆಲವನ್ನೇ ಅಗೆಯಬೇಕಾಗುತ್ತದೆ. ವಾಸ್ತುವಿಗಾಗಿ ಒಲೆ ಆಗ್ನೇಯದಲ್ಲೇ ಇರಬೇಕು ಎನ್ನುವ ಮನೆಗಳಲ್ಲಿ ಒಲೆಯನ್ನು ಸರಿಸಿ, ಸಿಂಕನ್ನು ಇದ್ದಲ್ಲೇ ಬಿಡಿ. ಹಾಗೆಯೇ, ಹಜಾರಕ್ಕೆ ತೆರೆದುಕೊಳ್ಳಲಿ ಎಂದು 9 ಇಂಚಿನ ಇಟ್ಟಿಗೆ ಗೋಡೆಯನ್ನು ಕೆಡವುವ ಆಸೆ ಇದ್ದರೆ ಎಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸಿ. ಹಳೆಯ ಮನೆಗಳಲ್ಲಿ ತಾರಸಿಯ ಭಾರ ಇಂಥ ಗೋಡೆಗಳ ಮೇಲೆಯೇ ಕೂತಿರುತ್ತದೆ.

ಹೊಸ ಪೈಪು ಸಿಪಿವಿಸಿ ಇರಲಿ, ಬಿಸಿನೀರನ್ನೂ ತಡೆಯುತ್ತದೆ. ವೈರಿಂಗಿನಲ್ಲಿ ಜಿಪುಣತನ ಬೇಡ. 2000 ವ್ಯಾಟಿನ ಇಂಡಕ್ಷನ್ ಒಲೆ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಹಳೆಯ 6 ಆಂಪಿಯರ್ ಸಾಕೆಟ್ಟಿಗೆ ಅದನ್ನು ಚುಚ್ಚಿದರೆ ಮೊದಲು ಪ್ಲಗ್ ಬಿಸಿಯಾಗುತ್ತದೆ, ಆಮೇಲೆ ಕಮಟು ವಾಸನೆ. ಕನಿಷ್ಠ ಎರಡು 16 ಆಂಪಿಯರ್ ಪಾಯಿಂಟಿಗೆ 4 ಚದರ ಮಿಲಿಮೀಟರಿನ ತಾಮ್ರದ ವೈರನ್ನು, ಸರಿಯಾದ ಅರ್ತಿಂಗ್ ಸಮೇತ, ಮೀಟರ್ ಬೋರ್ಡಿನಿಂದಲೇ ಎಳೆಸಿ. ಕರೆಂಟು ಸೋರಿದರೆ ತಾನೇ ಕಡಿದುಬಿಡುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ ಹಾಕಿಸಿ. ಒದ್ದೆ ಕೈ ಸ್ವಿಚ್ಚು ಮುಟ್ಟುವ ಕೋಣೆ ಇದು. ಚಿಮಣಿ ಈಗ ಕೊಳ್ಳದಿದ್ದರೂ ಒಲೆಯ ಮೇಲ್ಗಡೆ ಹೊರಗೋಡೆಗೆ 6 ಇಂಚಿನ ತೂತು, ಪಕ್ಕದಲ್ಲೊಂದು ಪಾಯಿಂಟ್ ಬಿಡಿಸಿಟ್ಟುಕೊಳ್ಳಿ. ಅಲ್ಲಿಯವರೆಗೆ ಒಗ್ಗರಣೆಯ ಘಾಟಿಗೆ ಎಕ್ಸಾಸ್ಟ್ ಫ್ಯಾನ್ ಸಾಕು. ಸೌದೆ ಒಲೆಯನ್ನೂ ಉಳಿಸಿಕೊಂಡಿರುವ ಮಲೆನಾಡಿನ ಮನೆಗಳು ಅದಕ್ಕೂ ಹೊಗೆಕೊಳವೆ ಕೂಡಿಸಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆ ನಮ್ಮ ಹಳ್ಳಿಯ ಹೆಂಗಸರನ್ನು ಹೊಗೆಯಿಂದ ಪಾರುಮಾಡಲೆಂದೇ ಬಂದದ್ದು.

ಈಗ ಕಟ್ಟೆಯ ಎತ್ತರ. ಮೇಸ್ತ್ರಿಯನ್ನು ಕೇಳಿದರೆ 32 ಅಥವಾ 33 ಇಂಚು ಎಂದು ಹೇಳಿ ದಾರ ಹಿಡಿದುಬಿಡುತ್ತಾರೆ. ಅಳತೆ ತೆಗೆದುಕೊಳ್ಳಬೇಕಾದ್ದು ಅಡುಗೆ ಮಾಡುವವರ ಮೊಣಕೈಯಿಂದ. ನೆಟ್ಟಗೆ ನಿಂತು ಮೊಣಕೈ ಮಡಿಸಿ, ಅಲ್ಲಿಂದ ನಾಲ್ಕು ಇಂಚು ಕೆಳಗೆ ಗೆರೆ ಎಳೆಯಿರಿ. 5 ಅಡಿ ಎತ್ತರದವರಿಗೆ ಅದು ಸುಮಾರು 34 ಇಂಚಿಗೆ ಬರುತ್ತದೆ. ಇದು ತರಕಾರಿ ಹೆಚ್ಚುವುದಕ್ಕೆ ಸರಿ. ಆದರೆ ಗ್ಯಾಸ್ ಒಲೆಯೇ ಕೆಲವು ಇಂಚು ಎತ್ತರ ಇರುತ್ತದೆ, ಅದರ ಮೇಲೆ ಕುಕ್ಕರ್ ಕೂರುತ್ತದೆ. ಹಾಗಾಗಿ ಒಲೆಯ ಭಾಗವನ್ನು ಮೂರ‍್ನಾಲ್ಕು ಇಂಚು ತಗ್ಗಿಸಿದರೆ ಭುಜಕ್ಕೆ ಆರಾಮ. ಜೋಳದ ರೊಟ್ಟಿ ಬಡಿಯುವ ಮನೆಯ ಲೆಕ್ಕವೂ ಬೇರೆ. ರೊಟ್ಟಿ ಬಡಿಯುವಾಗ ಬಲ ಭುಜದಿಂದ ಇಳಿಯಬೇಕು. ಎತ್ತರದ ಕಟ್ಟೆಯಲ್ಲಿ ಮಣಿಕಟ್ಟು ನೋಯುತ್ತದೆ. ಕಾಗದದ ಮೇಲೆ ತೀರ್ಮಾನಿಸುವ ಬದಲು ನಾಲ್ಕು ಸಿಮೆಂಟ್ ಬ್ಲಾಕು ಪೇರಿಸಿ, ಮೇಲೊಂದು ಹಲಗೆ ಹಾಕಿ, ಅಮ್ಮನೋ ಅತ್ತೆಯೋ ಯಾರು ಬಡಿಯುತ್ತಾರೋ ಅವರನ್ನೇ ಕರೆದು ಒಂದು ರೊಟ್ಟಿ ಬಡಿಸಿ ನೋಡಿ. ಒಂದು ಇಂಚು ಹೆಚ್ಚುಕಡಿಮೆ ಆದರೂ ಅವರ ಕೈಗೆ ತಕ್ಷಣ ಗೊತ್ತಾಗುತ್ತದೆ. ತಗ್ಗಿಸಿದ ಕಟ್ಟೆಯ ಕೆಳಗೆ ಸಿಲಿಂಡರ್ ಇಡಬೇಡಿ. ರೆಗ್ಯುಲೇಟರ್ ಹಾಕಿ ತೆಗೆಯಲು ಜಾಗ ಸಾಲದು. ಎಲ್ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ಸೇರಿಕೊಳ್ಳುತ್ತದೆ. ಆದ್ದರಿಂದ ಸಿಲಿಂಡರಿನ ಗೂಡಿಗೆ ತಳದಲ್ಲೇ ಗಾಳಿಕಿಂಡಿ ಇರಬೇಕು.

ಹಳೆಯ ಕಡಪ ಕಟ್ಟೆಯನ್ನು ಹತ್ತಿರದಿಂದ ನೋಡಿ. ಹುಣಸೆಹಣ್ಣು ಕಿವುಚುವ ಕಡೆ, ನಿಂಬೆಹಣ್ಣು ಹಿಂಡುವ ಕಡೆ ಹೊಳಪು ಹೋಗಿ ಬಿಳಿಚಿಕೊಂಡಿರುತ್ತದೆ. ಕಡಪ ಕಲ್ಲು ಸುಣ್ಣದ ಕಲ್ಲಿನ ಜಾತಿ, ಹುಳಿ ಅದನ್ನು ತಿನ್ನುತ್ತದೆ. ದಿನಾ ಸಾರು ಮಾಡುವ ಮನೆಯ ಕಟ್ಟೆಗೆ ಗ್ರಾನೈಟೇ ಸರಿ, ಅದಕ್ಕೆ ನಮ್ಮ ರಾಜ್ಯದಲ್ಲಿ ಬರವೂ ಇಲ್ಲ: ಚಾಮರಾಜನಗರದ ಕಪ್ಪು, ಇಳಕಲ್ಲಿನ ಕೆಂಪು, ಸಿರಾದ ಬೂದು. ಅಂಗಡಿಯಿಂದ ಕೈಯಗಲದ ತುಂಡು ತಂದು ಮನೆಯಲ್ಲಿ ಪರೀಕ್ಷಿಸಿ. ನಿಂಬೆಹೋಳು ಉಜ್ಜಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿದಾಗ ಕಲೆ ನಿಂತರೆ ಆ ಕಲ್ಲು ಬೇಡ. ಕಪ್ಪು ಕಲ್ಲಾದರೆ ಬಿಳಿ ಬಟ್ಟೆಗೆ ಉಗುರುಬಣ್ಣ ತೆಗೆಯುವ ದ್ರವ ಹಾಕಿ ತಿಕ್ಕಿ. ಬಟ್ಟೆಗೆ ಕಪ್ಪು ಹತ್ತಿತೆಂದರೆ ಬೂದು ಕಲ್ಲಿಗೆ ಬಣ್ಣ ಬಳಿದು ಮಾರುತ್ತಿದ್ದಾರೆ ಎಂದರ್ಥ.

ಎಲ್ ಆಕಾರದ ಕಟ್ಟೆಗೆ ಎಷ್ಟು ಕಲ್ಲು ಬೇಕು? 10 ಅಡಿ ಗೋಡೆಗೆ 2 ಅಡಿ ಅಗಲದಂತೆ 20 ಚದರ ಅಡಿ, ಇನ್ನೊಂದು ಗೋಡೆಯಲ್ಲಿ ಉಳಿದ 6 ಅಡಿಗೆ 12, ಒಟ್ಟು 32. ದರ ಕೇಳುವಾಗ ಚದರ ಅಡಿಯ ಬೆಲೆಗೇ ನಿಲ್ಲಬೇಡಿ. ಅಂಚಿನ ಪಾಲಿಶ್, ಸಿಂಕಿನ ತೂತು, ಸಾಗಣೆ, ಕೂಡಿಸುವ ಕೂಲಿ, ಇವೆಲ್ಲ ಬೇರೆ ಬೇರೆ ಬಾಬ್ತು. ಎಲ್ಲವನ್ನೂ ಒಂದೇ ಚೀಟಿಯಲ್ಲಿ ಬರೆಸಿಕೊಳ್ಳಿ. ಟೈಲ್ಸನ್ನು ಕಟ್ಟೆಯಿಂದ 2 ಅಡಿ ಎತ್ತರಕ್ಕೆ ಮಾತ್ರ ಹಾಕಿಸಿದರೆ 36 ಚದರ ಅಡಿಗೆ ಮುಗಿಯಿತು. ಸೂರಿನವರೆಗೆ ನಾಲ್ಕೂ ಗೋಡೆಗೆ ಹಾಕಿಸಿದರೆ ಅದು 300 ದಾಟುತ್ತದೆ. ಒಲೆಯ ಹಿಂದಿನ ಸಂದಿಗೆ ಮಾತ್ರ ಎಪಾಕ್ಸಿ ಗ್ರೌಟ್ ಹಾಕಿಸಿ, ಅರಿಸಿನದ ಕಲೆ ಹಿಡಿಯುವುದಿಲ್ಲ. ಮಿಕ್ಕ ಗೋಡೆಗೆ ತೊಳೆಯಬಹುದಾದ ಬಣ್ಣ ಸಾಕು.

ಕಿತ್ತ ಕಡಪ ಕಲ್ಲನ್ನು ಬಿಸಾಡಬೇಡಿ. ಕೊಯ್ಸಿ ಹೊಸ ಕಟ್ಟೆಯ ಕೆಳಗೆ ನಿಲುವುಗಳಾಗಿ, ಅಡ್ಡಹಲಗೆಗಳಾಗಿ ಕೂಡಿಸಿದರೆ ಗೆದ್ದಲು ಹತ್ತದ, ನೀರಿಗೆ ಉಬ್ಬದ ಕಪಾಟು ಸಿದ್ಧ. ಮುಂದೆ ಬಾಗಿಲು ಹಾಕಿಸುವಾಗ ಸಿಂಕಿನ ಬಳಿಯಾದರೂ ಐಎಸ್ 710 ಗುರುತಿನ ಪ್ಲೈವುಡ್ ಕೇಳಿ. ಪಾರ್ಟಿಕಲ್ ಬೋರ್ಡು ಅಲ್ಲಿ ಬಾಳುವುದಿಲ್ಲ.

ಕೆಲಸದ ಕ್ರಮ ಹೀಗಿರಲಿ: ಒಡೆಯುವುದು, ಪೈಪು ಮತ್ತು ವೈರು, ಗಾರೆ, ಕಟ್ಟೆ, ಟೈಲ್ಸ್, ಬಣ್ಣ, ಕೊನೆಗೆ ಸಿಂಕಿನ ನಲ್ಲಿ ಮತ್ತು ಸ್ವಿಚ್ಚು. ಗಾರೆಗೆ ಒಂದು ವಾರವಾದರೂ ನೀರುಣಿಸಬೇಕು; ಆತುರದಲ್ಲಿ ಇದನ್ನೇ ಬಿಟ್ಟುಬಿಡುತ್ತಾರೆ. ಎಲ್ಲ ಸೇರಿ ಮೂರ‍್ನಾಲ್ಕು ವಾರ ಹಿಡಿಯುತ್ತದೆ. ಆ ದಿನಗಳಿಗೆ ಹಿತ್ತಲ ಜಗಲಿಯಲ್ಲೋ ಹಜಾರದ ಮೂಲೆಯಲ್ಲೋ ಇಂಡಕ್ಷನ್ ಒಲೆ, ಒಂದು ಮೇಜು, ಒಂದು ಬಕೆಟ್ ನೀರಿನ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಿ. ಇಲ್ಲವಾದರೆ ಹೋಟೆಲ್ ಊಟದ ಖರ್ಚೇ ಬಜೆಟ್ಟನ್ನು ತಿನ್ನುತ್ತದೆ. ಆಷಾಢದಲ್ಲಿ ಗೃಹಪ್ರವೇಶಗಳು ಇಲ್ಲದ್ದರಿಂದ ಮೇಸ್ತ್ರಿಗಳು ಸುಲಭವಾಗಿ ಸಿಗುತ್ತಾರೆ. ಕೆಲಸ ಮನೆಯೊಳಗೇ ಆದ್ದರಿಂದ ಮಳೆಯ ತೊಂದರೆಯೂ ಕಡಿಮೆ, ಮರಳು ಸಿಮೆಂಟನ್ನು ಮಾತ್ರ ಒಳಗಿಡಿ.

ಪೈಪು, ವೈರು ಕೂಡಿಸಿದ ಮೇಲೆ, ಗಾರೆ ಬೀಳುವ ಮುನ್ನ, ಗೋಡೆಗೆ ಅಳತೆಪಟ್ಟಿ ಹಿಡಿದು ಫೋಟೊ ತೆಗೆದಿಡಿ. ನಾಳೆ ಮೊಳೆ ಹೊಡೆಯುವಾಗ, ತೂತು ಕೊರೆಯುವಾಗ ಪೈಪು ಎಲ್ಲಿದೆಯೆಂದು ಇದರಿಂದಲೇ ತಿಳಿಯುತ್ತದೆ. ಅದೇ ದಿನ ನಲ್ಲಿಯ ಬಾಯಿಗಳಿಗೆಲ್ಲ ಬಿರಡೆ ಹಾಕಿಸಿ, ಪೈಪಿನಲ್ಲಿ ನೀರು ತುಂಬಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಎಲ್ಲ ಜೋಡಣೆಗಳೂ ಒಣಗಿದ್ದರೆ ಮಾತ್ರ ಗಾರೆಗೆ ಒಪ್ಪಿಗೆ ಕೊಡಿ. ಕೆಲಸ ಮುಗಿದಂತೆ ಕಂತಿನಲ್ಲಿ ಹಣ ಕೊಡುತ್ತ ಹೋಗಿ, ಹತ್ತರಲ್ಲಿ ಒಂದು ಪಾಲನ್ನು ಕೊನೆಗೆ ಉಳಿಸಿಕೊಳ್ಳಿ. ಕಡೆಯ ದಿನ ಸಿಂಕಿನ ತುಂಬ ನೀರು ನಿಲ್ಲಿಸಿ, ಬಿರಡೆ ಕಿತ್ತು, ಕೆಳಗೆ ಒಣ ಕಾಗದ ಹಾಸಿ ನೋಡಿ. ಎರಡು 16 ಆಂಪಿಯರ್ ಪಾಯಿಂಟುಗಳಲ್ಲಿ ಇಂಡಕ್ಷನ್ನೂ ಮಿಕ್ಸಿಯೂ ಒಟ್ಟಿಗೆ ಹತ್ತು ನಿಮಿಷ ಓಡಲಿ. ಕಾಗದ ಒದ್ದೆಯಾಗದೆ, ಪ್ಲಗ್ ಬಿಸಿಯಾಗದೆ ಇದ್ದರೆ ಉಳಿದ ಹಣವನ್ನು ಅವತ್ತೇ, ತಡಮಾಡದೆ, ಮೇಸ್ತ್ರಿಯ ಕೈಗೆ ಕೊಡಿ.