ಅರಿಹಂತವೋ, ಅರಹಂತವೋ?

ಪಂಚನಮಸ್ಕಾರ ಮಂತ್ರದ ಮೊದಲ ನಮಸ್ಕಾರವನ್ನು ಕೆಲವರು ‘ಅರಿಹಂತ’ ಎಂದು ಹೇಳುತ್ತಾರೆ, ಕೆಲವರು ‘ಅರಹಂತ’ ಎಂದು. ಪಾಠಶಾಲೆಯಲ್ಲಿ ಮಕ್ಕಳನ್ನು ಇದಕ್ಕಾಗಿ ತಿದ್ದುವುದೂ ಉಂಟು. ತುಸು ದೊಡ್ಡ ಮಕ್ಕಳು ಇನ್ನೊಂದನ್ನು ಕೇಳುತ್ತಾರೆ: ಅರಿ ಎಂದರೆ ಶತ್ರು, ಹಂತ ಎಂದರೆ ಕೊಂದವನು, ಅಹಿಂಸೆಯ ಧರ್ಮದಲ್ಲಿ ಮೊದಲ ನಮಸ್ಕಾರ ಕೊಂದವನಿಗೇ?

ಉತ್ತರ ಉಚ್ಚಾರಣೆಯಲ್ಲಿದೆ. ಸಂಸ್ಕೃತದಲ್ಲಿ ಈ ಪದ ‘ಅರ್ಹತ್’, ಅಂದರೆ ಪೂಜೆಗೆ ಯೋಗ್ಯ. ದಿನವೂ ಆಡುವ ‘ಅರ್ಹತೆ’ ಇದೇ ಧಾತುವಿನದು. ಪ್ರಾಕೃತಕ್ಕೆ ‘ರ್ಹ’, ‘ರ್ಷ’ಗಳಂಥ ಒತ್ತಕ್ಷರ ಒಗ್ಗದು, ನಡುವೆ ಒಂದು ಸ್ವರ ಸೇರಿಸಿ ಬಿಡಿಸಿಕೊಳ್ಳುತ್ತದೆ. ಹರ್ಷ ‘ಹರಿಸ’ವಾಯಿತು, ವರ್ಷ ‘ವರಿಸ’ವಾಯಿತು. ಕನ್ನಡದ ಬಾಯಿಯೂ ಹರುಷ, ವರುಷ ಎನ್ನುತ್ತದೆ. ಹರಿಸದೊಳಗೆ ‘ಹರಿ’ಯನ್ನು ಯಾರೂ ಹುಡುಕುವುದಿಲ್ಲವಷ್ಟೆ! ಅರ್ಹತ್ ಪದಕ್ಕೆ ಅ, ಇ, ಉ ಮೂರೂ ಸೇರುತ್ತವೆ ಎಂದು 12ನೆಯ ಶತಮಾನದ ಹೇಮಚಂದ್ರಾಚಾರ್ಯರು ತಮ್ಮ ಪ್ರಾಕೃತ ವ್ಯಾಕರಣದಲ್ಲಿ ಹೇಳಿದ್ದಾರೆ. ಹಳೆಯ ಕನ್ನಡದ ‘ಅರುಹ’ದಲ್ಲಿರುವುದು ಉಕಾರ. ಒಡಿಶಾದ ಉದಯಗಿರಿಯಲ್ಲಿ ಸುಮಾರು 2,000 ವರ್ಷ ಹಳೆಯ ಖಾರವೇಲನ ಹಾಥಿಗುಂಫಾ ಶಾಸನ ‘ಅರಹಂತ’ರಿಗೆ ನಮಸ್ಕರಿಸಿಯೇ ಆರಂಭವಾಗುತ್ತದೆ.

ಈ ಧಾತು ಇನ್ನೂ ಹಿಂದಕ್ಕೆ ಹೋಗುತ್ತದೆ. ಸಂಸ್ಕೃತದ ‘ಹ’ ಮತ್ತು ‘ಘ’ ಎಷ್ಟೋ ಕಡೆ ಒಂದೇ ಪ್ರಾಚೀನ ಧ್ವನಿಯಿಂದ ಒಡೆದವು. ‘ಹನನ’ ಮತ್ತು ಘಾತಿಕರ್ಮದ ‘ಘಾತಿ’ ಒಂದೇ ಮೂಲದವು. ಹಾಗೆಯೇ ‘ಅರ್ಹ’ದ ಜೊತೆಗಾರ ‘ಅರ್ಘ’, ಅಂದರೆ ಬೆಲೆ. ‘ಮಹಾರ್ಘ’ ಪ್ರಾಕೃತದಲ್ಲಿ ‘ಮಹಗ್ಘ’ವಾಗಿ ಹಿಂದಿಯ ‘ಮಹಂಗಾ’ ಆಗಿದೆ. ಅದೇ ಭಾಷಾಕುಟುಂಬದ ಗ್ರೀಕಿನಲ್ಲಿ ಈ ಧಾತುವಿನಿಂದ ಬಂದ ‘ಆಲ್ಫೆ’ ಎಂದರೆ ಗಳಿಕೆ. ಅದರ ಕ್ರಿಯಾಪದಕ್ಕೆ ಮಾರಿದಾಗ ಬೆಲೆ ತರುವುದು ಎಂದರ್ಥ. ಅಂಗಡಿಯ ಬೆಲೆಗೂ ಬಸದಿಯ ಅರ್ಹಂತನಿಗೂ ಬೇರು ಒಂದೇ ಎಂದರೆ ವ್ಯಾಪಾರಿಗಳಿಗೆ ಸಂಕೋಚವಾಗಬೇಕಿಲ್ಲ. ಬೆಲೆಯುಳ್ಳದ್ದೇ ಯೋಗ್ಯವಾದದ್ದು ಎಂಬಲ್ಲಿಂದ ಅರ್ಥ ಬೆಳೆದಿದೆ.

ಹಾಗಾದರೆ ಶತ್ರುವನ್ನು ಕೊಂದವನೆಂಬ ಅರ್ಥ ತಪ್ಪೇ? ಅದು ಪದದ ಹುಟ್ಟಲ್ಲ, ಇಕಾರ ಸೇರಿದ ರೂಪದಲ್ಲಿ ಆಚಾರ್ಯರು ಕಂಡ ಅರ್ಥ. 9ನೆಯ ಶತಮಾನದ ವೀರಸೇನಾಚಾರ್ಯರ ಧವಲಾ ಟೀಕೆಯ ತಾಳೆಗರಿಗಳು ಉಳಿದು ಬಂದದ್ದು ನಮ್ಮ ಮೂಡುಬಿದಿರೆಯಲ್ಲಿ. ಅದರಲ್ಲಿ ಈ ಅರ್ಥವಿದೆ, ಆದರೆ ‘ಅರಿ’ ಯಾರೆಂದೂ ಹೇಳಿದೆ: ಮೋಹ. ಅತಿಶಯ ಪೂಜೆಗೆ ಅರ್ಹರಾದ್ದರಿಂದ ಅರ್ಹಂತರು ಎಂಬ ವಿವರಣೆಯನ್ನೂ ಅವರು ಅಲ್ಲಿಯೇ ಕೊಟ್ಟಿದ್ದಾರೆ.