ಉಮೇದುವಾರರ ಆಯ್ಕೆಯ ಮೇಲ್ವಿಚಾರಣೆ: ೧೯೩೭ರ ಚುನಾವಣೆ

ಪಾರಸೀಕದ ‘ಉಮೇದು’ ಎಂದರೆ ಆಶೆ, ಆಶೆಯುಳ್ಳವನೇ ಉಮೇದುವಾರ. ಆಶೆಗಳು ಹಲವಾಗಿ ಸ್ಥಾನವೊಂದೇ ಆದಲ್ಲಿ ತೂಗುವವರಾರೆಂಬ ಪ್ರಶ್ನೆ ಯಾವ ಪಕ್ಷಕ್ಕೂ ತಪ್ಪಿದ್ದಲ್ಲ. ೧೯೩೫ರ ಶಾಸನದಂತೆ ೧೯೩೬-೩೭ರ ಚಳಿಗಾಲದಲ್ಲಿ ಪ್ರಾಂತಗಳ ಶಾಸನಸಭೆಗಳಿಗೆ ಚುನಾವಣೆ ನಡೆದಾಗ ಕಾಂಗ್ರೆಸ್ಸಿಗೆ ಇದು ವಿಶೇಷ ತೊಡಕಾಗಿ ಒದಗಿತು.

ತೊಡಕು ಗಡಿಗಳದು. ೧೯೨೦ರ ನಾಗಪುರ ಅಧಿವೇಶನದ ತರುವಾಯ ಕಾಂಗ್ರೆಸ್ಸಿನ ಪ್ರಾಂತಸಮಿತಿಗಳು ಭಾಷಾನುಸಾರವಾಗಿ ಏರ್ಪಟ್ಟಿದ್ದುವು. ಸರ್ಕಾರದ ಪ್ರಾಂತಗಳಾದರೋ ಹಾಗಿರಲಿಲ್ಲ. ಮುಂಬಯಿಯ ಒಂದೇ ಶಾಸನಸಭೆಗೆ ಗುಜರಾತು, ಮಹಾರಾಷ್ಟ್ರ, ಕರ್ನಾಟಕ, ಮುಂಬಯಿ ನಗರ ಇವುಗಳ ಸಮಿತಿಗಳೆಲ್ಲ ಹೆಸರು ಸೂಚಿಸಬೇಕಾಗಿತ್ತು. ಇತ್ತ ಕರ್ನಾಟಕ ಸಮಿತಿಯ ಎಲ್ಲೆಯೊಳಗಿನ ಧಾರವಾಡವು ಮುಂಬಯಿಗೆ ಸೇರಿದ್ದರೆ ಮಂಗಳೂರು ಮದರಾಸಿಗೆ ಸೇರಿದ್ದಿತು. (ಮೈಸೂರು, ದೇಶೀಯ ಸಂಸ್ಥಾನವಾದುದರಿಂದ, ಈ ಚುನಾವಣೆಗೆ ಹೊರಗು.) ಹೀಗಾಗಿ ಸಮಿತಿಗಳೆಲ್ಲಕ್ಕೂ ಮೇಲಾದ ಕಣ್ಣೊಂದು ಬೇಕಾಯಿತು. ವಲ್ಲಭಭಾಯಿ ಪಟೇಲರ ಅಧ್ಯಕ್ಷತೆಯ ಪಾರ್ಲಿಮೆಂಟರಿ ಸಮಿತಿಯು ಆ ಕೆಲಸವನ್ನು ವಹಿಸಿಕೊಂಡಿತು.

ಊರಿನವರಿಗೆ ಮನುಷ್ಯನ ಗುಣ ತಿಳಿದಿರುತ್ತದೆ. ಅದರೊಡನೆ ಅವನ ಜಾತಿ, ನಂಟು, ಹಳೆಯ ಜಗಳ ಇವೂ ತಿಳಿದಿರುತ್ತವೆ. ದೂರದವರಿಗೆ ಎರಡೂ ಕಾಣವು. ನಿಷ್ಪಕ್ಷಪಾತವೆನಿಸುವುದು ಎಷ್ಟೋ ವೇಳೆ ಈ ಅಜ್ಞಾನದ ಫಲವೇ ಆಗಿರುವುದುಂಟು.

ಐದು ಪ್ರಾಂತಗಳಲ್ಲಿ ಕಾಂಗ್ರೆಸ್ಸಿಗೆ ಬಹುಮತ ದೊರೆಯಿತು. ಆದರೆ ಗೆದ್ದ ಸದಸ್ಯನು ಮತವಿತ್ತವರಿಗೆ ಹೊಣೆಯೋ, ಹೆಸರನ್ನು ಒಪ್ಪಿದವರಿಗೆ ಹೊಣೆಯೋ ಎಂಬುದು ತೀರ್ಮಾನವಾಗದೆ ಉಳಿದಿತ್ತು. ೧೯೩೯ರಲ್ಲಿ ಯುದ್ಧ ತೊಡಗಿದ ಮೇಲೆ ಕಾಂಗ್ರೆಸ್ಸಿನ ಕಾರ್ಯಕಾರಿ ಸಮಿತಿಯು ಕರೆಯಿತ್ತಿತು. ಅಕ್ಟೋಬರ್-ನವಂಬರುಗಳಲ್ಲಿ ಅದರ ಮಂತ್ರಿಮಂಡಲಗಳು ರಾಜೀನಾಮೆಯಿತ್ತುವು. ಮತದಾರರನ್ನು ಆಗ ಯಾರೂ ಕೇಳಲಿಲ್ಲ.