ಲೇತಿನ ಊರು

ಹರಿಹರಕ್ಕೆ ಬಂದವರೆಲ್ಲ ಹರಿಹರೇಶ್ವರನ ಎದುರು ನಿಂತು ಕೈಮುಗಿಯುತ್ತಾರೆ. ಅರ್ಧ ಶಿವ, ಅರ್ಧ ವಿಷ್ಣುವಾಗಿರುವ ಮೂರ್ತಿಯನ್ನು ಕಣ್ತುಂಬ ನೋಡಿ, ತೀರ್ಥ ತೆಗೆದುಕೊಂಡು, ತುಂಗಭದ್ರೆಯ ಕಡೆಗೆ ಹೊರಡುತ್ತಾರೆ. ಮಂಟಪದ ಕಂಬಗಳ ಮುಂದೆ ನಿಲ್ಲುವವರು ಕಡಿಮೆ. 1224ರಲ್ಲಿ ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಇದು. ಸುತ್ತಲ ಜಗಲಿಗೋಡೆಯ ಮೇಲೆ ಕುಳ್ಳಗೆ ನಿಂತಿರುವ ಕಂಬಗಳ ಮೇಲೆ ಒಮ್ಮೆ ಕೈಯಾಡಿಸಿ ನೋಡಬೇಕು. ಒಂದರ ಮೇಲೊಂದು ಉಂಗುರ, ನಡುವೆ ಗಂಟೆಯಾಕಾರದ ಉಬ್ಬು, ಅದರ ಕೆಳಗೆ ಚೂಪಾದ ಅಂಚು. ಎಲ್ಲಿಯೂ ವೃತ್ತ ತಪ್ಪಿಲ್ಲ. ಬರೀ ಉಳಿ-ಸುತ್ತಿಗೆಯಲ್ಲಿ ಕಡಿದರೆ ಇಷ್ಟು ನಿಖರ ಗುಂಡು ಬರುವುದಿಲ್ಲ. ಕಲ್ಲನ್ನೇ ತಿರುಗಿಸಿ, ಅದಕ್ಕೆ ಉಳಿ ತಾಗಿಸಿ ಕಡೆದ ಕಂಬಗಳಿವು ಎಂಬುದು ವಿದ್ವಾಂಸರ ಅಭಿಪ್ರಾಯ. ಹೊಯ್ಸಳರ ಶಿಲ್ಪಿಗಳು ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಗಟ್ಟಿಯಾಗುವ ಜಾತಿಯದು. ಆದ್ದರಿಂದ ಈ ಕೆಲಸ ಸಾಧ್ಯವಾಯಿತು.

ವಸ್ತುವನ್ನು ತಿರುಗಿಸಿ ಅದಕ್ಕೆ ಹತಾರ ತಾಗಿಸಿ ರೂಪ ಕೊಡುವ ಈ ಉಪಾಯಕ್ಕೆ ಇಂಗ್ಲಿಷಿನವರು ಕೊಟ್ಟ ಹೆಸರು ಲೇತ್. ಕಂಬಗಳ ಇದೇ ಊರಿನಲ್ಲಿ, ಗುಡಿ ಕಟ್ಟಿ ಏಳುನೂರು ವರ್ಷ ಕಳೆದ ಮೇಲೆ, 1941ರಲ್ಲಿ ಲೇತ್ ತಯಾರಿಸುವ ಕಾರ್ಖಾನೆಯೇ ಬಂತು. ಮೈಸೂರು ಕಿರ್ಲೋಸ್ಕರ್ ಎಂದು ಅದರ ಹೆಸರು. ಗುಡಿಗೂ ಕಾರ್ಖಾನೆಗೂ ಸಂಬಂಧವೇನೂ ಇಲ್ಲ, ಕಾಕತಾಳೀಯ ಅಷ್ಟೆ. ಆದರೆ ಕನ್ನಡ ಭಾಷೆ ಮಾತ್ರ ಈ ಸಂಬಂಧವನ್ನು ಮೊದಲೇ ಬಲ್ಲದು. ಮಜ್ಜಿಗೆ ಕಡೆಯುವುದು, ವಿಗ್ರಹ ಕಡೆಯುವುದು ಎಂದು ಎರಡಕ್ಕೂ ನಮ್ಮಲ್ಲಿ ಒಂದೇ ಕ್ರಿಯಾಪದ. ಕಡೆಗೋಲು ಹಗ್ಗದ ಎಳೆತಕ್ಕೆ ಗಿರ್ರನೆ ತಿರುಗುವುದನ್ನು ಕಂಡವರಿಗೆ ಲೇತ್ ಅರ್ಥ ಮಾಡಿಸುವುದು ಕಷ್ಟವಲ್ಲ.

ಕಾರ್ಖಾನೆಯ ಲೇತಿನಲ್ಲಿ ನಡೆಯುವುದೂ ಇಷ್ಟೆ. ಉಕ್ಕಿನ ಸರಳನ್ನು ಚಕ್ ಎಂಬ ಹಿಡಿಕೆಯ ದವಡೆಗಳು ಕಚ್ಚಿ ಹಿಡಿಯುತ್ತವೆ. ಮೋಟಾರು ಅದನ್ನು ತಿರುಗಿಸುತ್ತದೆ. ಪಕ್ಕದಲ್ಲಿ, ಉದ್ದನೆಯ ಬೆಡ್ಡಿನ ಮೇಲೆ ಜಾರುವ ಗಾಡಿಯೊಂದರಲ್ಲಿ ಗಡುಸು ಹತಾರ ಕೂತಿರುತ್ತದೆ. ಟರ್ನರ್ ಕೈಚಕ್ರ ತಿರುಗಿಸಿದಂತೆ ಹತಾರ ಮುಂದೆ ಸರಿದು ಉಕ್ಕಿನ ಮೈಯಿಂದ ತೆಳುವಾದ ಸುರುಳಿ ಎಬ್ಬಿಸುತ್ತದೆ. ಪೆನ್ಸಿಲ್ ಹೆರೆದಾಗ ಬರುವ ಸುರುಳಿಯಂತೆಯೇ. ಆದರೆ ಇದು ಮುಟ್ಟಿದರೆ ಸುಡುತ್ತದೆ, ಎಳೆದರೆ ಕೊಯ್ಯುತ್ತದೆ.

ಮೊದಲು ಹತಾರವನ್ನು ಮನುಷ್ಯನೇ ಕೈಯಲ್ಲಿ ಒತ್ತಿ ಹಿಡಿಯುತ್ತಿದ್ದ. ಕೈ ನಡುಗಿದರೆ ಅಳತೆ ಕೆಟ್ಟಿತು. ಇಂಗ್ಲೆಂಡಿನ ಹೆನ್ರಿ ಮಾಡ್ಸ್ಲಿ 1800ರ ಆಸುಪಾಸಿನಲ್ಲಿ ಹತಾರವನ್ನು ಜಾರುವ ಗಾಡಿಗೆ ಬಿಗಿದು, ಆ ಗಾಡಿಯನ್ನು ಉದ್ದನೆಯ ತಿರುಪಿನಿಂದ ಸರಿಸುವ ಲೇತನ್ನು ರೂಪಿಸಿದ. ಅಲ್ಲಿಂದ ಮುಂದೆ ಒಂದೇ ಅಳತೆಯ ಸ್ಕ್ರೂಗಳನ್ನು ಬೇಕಾದಷ್ಟು ಮಾಡಬಹುದಾಯಿತು. ಹೊಲಿಗೆ ಯಂತ್ರ, ಸೈಕಲ್, ಪಂಪ್‌ಸೆಟ್, ರೈಲು: ಅಳತೆ ಕೂಡಿ ಬಂದರೆ ಮಾತ್ರ ಓಡುವ ಇವೆಲ್ಲವೂ ಅದರ ಮಕ್ಕಳು ಮೊಮ್ಮಕ್ಕಳು. ಇನ್ನೂ ಒಂದು ವಿಶೇಷವಿದೆ. ಒಂದು ಲೇತಿನಿಂದ ಇನ್ನೊಂದು ಲೇತಿನ ಬಿಡಿಭಾಗಗಳನ್ನು ಮಾಡಬಹುದು. ಲೇತನ್ನು ಯಂತ್ರಗಳ ತಾಯಿ ಎಂದು ಕರೆಯುವುದು ಇದರಿಂದಲೇ.

ಇಂಥ ತಾಯಿ ಯಂತ್ರಗಳಿಗಾಗಿ ಭಾರತ ಬಹುಕಾಲ ಹೊರದೇಶಗಳ ಮುಖ ನೋಡಿಕೊಂಡಿತ್ತು. ಎರಡನೆಯ ಮಹಾಯುದ್ಧ ಶುರುವಾದಾಗ ಹಡಗುಗಳು ಕಡಿಮೆಯಾದವು, ಹೊರಗಿನ ಕಾರ್ಖಾನೆಗಳು ತಮ್ಮ ಯುದ್ಧಕ್ಕೇ ದುಡಿಯತೊಡಗಿದವು. ಬೇಡಿಕೆ ಇದ್ದರೂ ಮಾಲು ಇಲ್ಲ. ಹರಿಹರದ ಕಾರ್ಖಾನೆ ಹುಟ್ಟಿದ್ದು ಈ ಹೊತ್ತಿನಲ್ಲಿ. ಅದನ್ನು ಕಟ್ಟಿದ ಮನೆತನ ಯಂತ್ರಕ್ಕೆ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು, ಆಮೇಲೆ ಕಬ್ಬಿಣದ ನೇಗಿಲು ಮಾಡಿದವರು, 1910ರಲ್ಲಿ ಕಿರ್ಲೋಸ್ಕರವಾಡಿ ಎಂಬ ಕಾರ್ಖಾನೆ ಊರನ್ನೇ ಎಬ್ಬಿಸಿದವರು. ಮರದ ನೇಗಿಲಿಗೆ ಒಗ್ಗಿದ್ದ ರೈತರು ಕಬ್ಬಿಣ ಭೂಮಿಯನ್ನು ಕೆಡಿಸುತ್ತದೆಂದು ಹೆದರಿ ಮೊದಮೊದಲು ಅವರ ನೇಗಿಲನ್ನು ಮುಟ್ಟಲಿಲ್ಲವಂತೆ. ಹೊಸ ಯಂತ್ರದ ಬಗೆಗಿನ ಅನುಮಾನ ಇಂದಿನದಲ್ಲ.

ಹರಿಹರ ಆಗ ಮೈಸೂರು ಸಂಸ್ಥಾನದ ಗಡಿ ಊರು. ಹೊಳೆ ದಾಟಿದರೆ ಮುಂಬೈ ಪ್ರಾಂತ. ಬೆಂಗಳೂರು–ಪುಣೆ ರೈಲುಮಾರ್ಗ ಊರನ್ನು ಹಾದುಹೋಗುತ್ತಿತ್ತು, ನದಿಯಲ್ಲಿ ನೀರಿತ್ತು, ಸಂಸ್ಥಾನ ಕೈಗಾರಿಕೆಗೆ ಒತ್ತಾಸೆ ಕೊಡುತ್ತಿದ್ದ ಕಾಲ. ಬೆಂಗಳೂರಿನ ಎಚ್.ಎಂ.ಟಿ. ಸ್ಥಾಪನೆಯಾದದ್ದು 1953ರಲ್ಲಿ. ಹರಿಹರದವರು ಅದಕ್ಕಿಂತ ಹನ್ನೆರಡು ವರ್ಷ ಮುಂದಿದ್ದರು ಎಂಬುದನ್ನು ಈ ಭಾಗದವರೇ ಮರೆತಿದ್ದಾರೆ. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಎಂಬ ಹೆಸರಿನ ಇಲ್ಲಿಯ ಲೇತುಗಳು ದೇಶದ ವರ್ಕ್‌ಶಾಪುಗಳನ್ನು ಸೇರಿದವು.

ಕಾರ್ಖಾನೆ ಬಂದರೆ ಊರಿನ ಹೊತ್ತೂ ಮಾತೂ ಬದಲಾಗುತ್ತವೆ. ಕೋಳಿ ಕೂಗಿನ ಜಾಗಕ್ಕೆ ಶಿಫ್ಟಿನ ಸೈರನ್ ಬರುತ್ತದೆ. ಸುಗ್ಗಿಯ ದುಡ್ಡಿನ ಜೊತೆಗೆ ತಿಂಗಳ ಸಂಬಳ, ಓಟಿ, ದೀಪಾವಳಿಯ ಬೋನಸ್ ಮಾತಿಗೆ ಬರುತ್ತವೆ. ಟರ್ನರ್, ಫಿಟ್ಟರ್ ಎಂಬುವು ಹುಡುಗನ ಕುಲಗೋತ್ರದಷ್ಟೇ ಮುಖ್ಯವಾಗುತ್ತವೆ. ಹೆಣ್ಣು ಕೊಡುವವರು ಪರ್ಮನೆಂಟೋ ಅಲ್ಲವೋ ಎಂದು ಕೇಳುತ್ತಾರೆ. 1970ರ ದಶಕದಲ್ಲಿ ಹೊಳೆಯಾಚೆ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಬಂತು. ಇತ್ತ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು. ಊರಿಗೆ ಮ್ಯಾಂಚೆಸ್ಟರ್ ಎಂಬ ಬಿರುದೂ ಇತ್ತು.

ಹರಿಹರಕ್ಕೆ ಅಂಟಿಕೊಂಡಂತಿರುವ ಗುತ್ತೂರನ್ನೇ ನೋಡಿ. 2001ರ ಜನಗಣತಿ ಅದನ್ನು ‘ಜನಗಣತಿ ಪಟ್ಟಣ’ ಎಂದು ಗುರುತಿಸಿತು. ಇದು ಗಣತಿಯವರ ಲೆಕ್ಕದ ಪಟ್ಟಣ; ಪುರಸಭೆಯಿದ್ದು ಪಟ್ಟಣವೆನಿಸಿದ್ದಲ್ಲ. ಜನಸಂಖ್ಯೆ ಐದು ಸಾವಿರ ಮುಟ್ಟಿರಬೇಕು, ಚದರ ಕಿಲೋಮೀಟರಿಗೆ 400 ಜನರಾದರೂ ಇರಬೇಕು, ದುಡಿಯುವ ಗಂಡಸರಲ್ಲಿ ಶೇಕಡಾ 75ರಷ್ಟು ಮಂದಿ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿರಬೇಕು. ಮೂರನೆಯ ಷರತ್ತೇ ಸ್ವಾರಸ್ಯದ್ದು. ಹೆಸರಿನಲ್ಲಿ, ಹಬ್ಬದಲ್ಲಿ, ಜಾತ್ರೆಯಲ್ಲಿ ಹಳ್ಳಿಯಾಗಿ ಉಳಿದ ಊರು ದುಡಿಮೆಯ ಲೆಕ್ಕದಲ್ಲಿ ಮಾತ್ರ ಯಾವಾಗಲೋ ಹೊಲ ದಾಟಿರುತ್ತದೆ.

ಹಾಗೆ ಹೊಲ ದಾಟಿದ ಊರುಗಳಿಗೆ ಪೆಟ್ಟು ಬಿದ್ದದ್ದು 1990ರ ದಶಕದಲ್ಲಿ. 1991ರ ಹೊಸ ಆರ್ಥಿಕ ನೀತಿಯ ನಂತರ ಹೊರದೇಶದ ಯಂತ್ರಗಳಿಗೆ ಬಾಗಿಲು ತೆರೆಯಿತು. ಅದಕ್ಕಿಂತ ದೊಡ್ಡ ಬದಲಾವಣೆ ಲೇತಿನ ಒಳಗೇ ಆಗುತ್ತಿತ್ತು. ಕೈಚಕ್ರದ ಬದಲು ಅಂಕಿಗಳಿಂದ ಹತಾರವನ್ನು ನಡೆಸುವ ಯಂತ್ರವನ್ನು ಅಮೆರಿಕದ ಎಂ.ಐ.ಟಿ. 1952ರಲ್ಲೇ ತೋರಿಸಿತ್ತು. ಕಂಪ್ಯೂಟರು ಅಗ್ಗವಾದಂತೆ ಅದು ಸಿ.ಎನ್.ಸಿ. ಎಂಬ ಹೆಸರಿನಲ್ಲಿ ಕಾರ್ಖಾನೆಗಳಿಗೆ ಇಳಿಯಿತು. ಮೈಸೂರು ಕಿರ್ಲೋಸ್ಕರ್ 2000ದ ದಶಕದ ಮೊದಲ ವರ್ಷಗಳಲ್ಲಿ ಮುಚ್ಚಿಹೋಯಿತು. ಕಂಪನಿ ಸಮಾಪನೆಗೆ ಹೋಗಿ, ಆಸ್ತಿ ಲಿಕ್ವಿಡೇಟರರ ವಶವಾಯಿತು. ನಲವತ್ತು ದಾಟಿದ ಟರ್ನರನಿಗೆ ಬೇರೆ ಊರಿನಲ್ಲಿ ಹೊಸದಾಗಿ ಶುರು ಮಾಡುವುದು ಎಷ್ಟು ಕಷ್ಟ ಎಂಬುದನ್ನು ಯಾವ ಲೆಕ್ಕಪತ್ರವೂ ಹೇಳುವುದಿಲ್ಲ.

ಸಿ.ಎನ್.ಸಿ. ಯಂತ್ರದ ಮುಂದೆ ನಿಂತವನ ಕೈಗೆ ಚಕ್ರವಿಲ್ಲ. ಗಾಜಿನ ಬಾಗಿಲು ಹಾಕಿರುತ್ತದೆ. ಜಿ-01 ಎಂದರೆ ಹತಾರ ನೇರ ಗೆರೆಯಲ್ಲಿ ಸರಿಯಲಿ, ಎಂ-03 ಎಂದರೆ ತಿರುಗಲು ಶುರುವಾಗಲಿ. ಹೀಗೆ ಸಂಕೇತಗಳ ಸಾಲೊಂದು ಮೊದಲೇ ಬರೆದಿಟ್ಟಿರುತ್ತದೆ. ಹಳೆಯ ಟರ್ನರನಿಗೆ ಕಿವಿಯೇ ಗುರು. ಹತಾರ ಮೊಂಡಾದರೆ ಕೊಯ್ಯುವ ಸದ್ದು ಬದಲಾಗುತ್ತದೆ. ಉಕ್ಕಿನ ಸುರುಳಿ ಹುಲ್ಲಿನ ಬಣ್ಣದಿಂದ ನೀಲಿಗೆ ತಿರುಗಿದರೆ ಕಾವು ಏರಿದೆಯೆಂದು ಅರ್ಥ. ಕೂದಲೆಳೆಗಿಂತ ತೆಳ್ಳಗಿನ ಅಳತೆಯನ್ನು, ಇಂಚಿನ ಸಾವಿರದಲ್ಲೊಂದು ಭಾಗವನ್ನು, ಅವನು ಕೈಚಕ್ರದ ಒಂದು ಗೆರೆಯಲ್ಲಿ ಹಿಡಿಯುತ್ತಿದ್ದ. ಇದನ್ನು ಪುಸ್ತಕದಿಂದ ಕಲಿಯಲಾಗದು. ಹಿರಿಯನ ಪಕ್ಕದಲ್ಲಿ ವರ್ಷಗಟ್ಟಲೆ ನಿಂತೇ ಕಲಿಯಬೇಕು.

ಹಾಗೆಂದು ಹಳೆಯದೆಲ್ಲ ಚಿನ್ನವಾಗಿತ್ತು ಎನ್ನುವುದು ತಪ್ಪು. ತೆರೆದ ಲೇತಿಗೆ ಅಂಗಿಯ ತೋಳು ಸಿಕ್ಕಿ ಬೆರಳು ಕಳೆದುಕೊಂಡವರಿದ್ದಾರೆ. ಎಣ್ಣೆಯ ಹೊಗೆ, ದಿನವಿಡೀ ನಿಂತ ಕಾಲುನೋವು ಎಲ್ಲವೂ ಆ ಕುಶಲತೆಯ ಜೊತೆಗೇ ಬಂದ ಸಂಬಳ. ಸಾವಿರ ತುಂಡು ಒಂದೇ ಅಳತೆಯಲ್ಲಿ ಬೇಕೆಂದಾಗ ಹೊಸ ಯಂತ್ರದ ಮುಂದೆ ಯಾವ ಗಟ್ಟಿಗನೂ ನಿಲ್ಲಲಾರ.

ಆದರೆ ಒಂದೇ ತುಂಡು ಬೇಕಾದಾಗ ಏನು ಮಾಡುವುದು? ಸಂಕೇತ ಬರೆದು, ಹತಾರ ಹೊಂದಿಸಿ, ಪರೀಕ್ಷಿಸಿ ಸಿ.ಎನ್.ಸಿ. ಶುರುಮಾಡುವ ಹೊತ್ತಿಗೆ ಕೈಲೇತಿನವನು ಕೆಲಸ ಮುಗಿಸಿ ಚಹಾಕ್ಕೆ ಹೋಗಿರುತ್ತಾನೆ. ದುರಸ್ತಿ ಕೆಲಸವೆಂದರೆ ಯಾವಾಗಲೂ ಒಂದೇ ತುಂಡಿನ ಕೆಲಸ. ಎರಡು ಸವೆತಗಳು ಒಂದೇ ತರ ಇರುವುದಿಲ್ಲ. ದೇಶದ ಹಳೆ ಯಂತ್ರಗಳ ಸಂತೆಯಲ್ಲಿ ಕಿರ್ಲೋಸ್ಕರ್ ಲೇತಿಗೆ ಇನ್ನೂ ಗಿರಾಕಿ ಇರುವುದಕ್ಕೆ ಇದೇ ಕಾರಣ. ಮಾಡಿದ ಕಾರ್ಖಾನೆ ಇಲ್ಲ, ಲೇತು ಮಾತ್ರ ತಿರುಗುತ್ತಿದೆ. ಹೀಗಾಗಿ ದಾವಣಗೆರೆ, ಹರಿಹರದಂಥ ಊರುಗಳ ಸಣ್ಣ ವರ್ಕ್‌ಶಾಪುಗಳಲ್ಲಿ ಅಳತೆಯ ಮಾತು ಈಗಲೂ ಸೂತಿನಲ್ಲೇ ನಡೆಯುತ್ತದೆ. ಎಂಟು ಸೂತಿಗೆ ಒಂದು ಇಂಚು. ಭದ್ರಾ ನಾಲೆಗೆ ನೀರು ಬಿಟ್ಟು ಗದ್ದೆಯಲ್ಲಿ ಕೆಸರು ಮಾಡುವ ದಿನಗಳಲ್ಲಿ ಟಿಲ್ಲರಿನ ಶಾಫ್ಟ್ ಸವೆದರೆ ರೈತ ಅದನ್ನು ಗೋಣಿಚೀಲದಲ್ಲಿ ಸುತ್ತಿ ತರುತ್ತಾನೆ. ಸವೆದ ಜಾಗಕ್ಕೆ ವೆಲ್ಡಿಂಗ್ ತುಂಬಿ, ಲೇತಿಗೆ ಕಟ್ಟಿ, ಬೇರಿಂಗ್ ಬಿಗಿಯಾಗಿ ಕೂರುವ ತನಕ ಕಡೆಯುತ್ತಾರೆ. ಅಷ್ಟು ಹೊತ್ತು ಅವನು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು ನಾಲೆಯ ನೀರು ಇನ್ನೆಷ್ಟು ದಿನ ಎಂದು ಎಣಿಸುತ್ತಿರುತ್ತಾನೆ.